ಅಣ್ಣಾವ್ರ ಕೆನ್ನೆ ಊದಿದ್ದೇಕೆ?

ಹಳೇ ಡಿವಿಡಿ ಪ್ಲೇಯರನ್ನು ಹೊಸ ಅಗಲದ ಟಿವಿಗೆ ಸಿಕ್ಕಿಸಿ ‘ಬೇಡರ ಕಣ್ಣಪ್ಪ’ ಹಾಕಿದಿರಿ; ಸಣಕಲು ರಾಜ್‌ಕುಮಾರ್ ಕೆನ್ನೆ ಊದಿದಂತೆ ಕಂಡಿತು ಅನ್ನಿ. ತಪ್ಪು ಡಿಸ್ಕಿನದಲ್ಲ. 1954ರ ಆ ಚಿತ್ರ ಹೆಚ್ಚುಕಡಿಮೆ 4:3 ಆಕಾರದ್ದು, ಟಿವಿ ಅದನ್ನು 16:9ಕ್ಕೆ ಎಳೆದು ಹಿಗ್ಗಿಸುತ್ತಿದೆ. ಪ್ಲೇಯರಿನ ಸೆಟಪ್‌ನಲ್ಲಿ ಟಿವಿ ಆಕಾರ 16:9 ಇರಲಿ. ಇಂಥ ಹಳೇ ಚಿತ್ರ ನೋಡುವಾಗ ಮಾತ್ರ ಟಿವಿಯ ರಿಮೋಟಿನಲ್ಲಿ 4:3 ಆರಿಸಿಕೊಳ್ಳಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಬರಲಿ ಬಿಡಿ, ದುಡ್ಡು ಕೊಟ್ಟ ಪರದೆಯೆಲ್ಲ ತುಂಬಲೇಬೇಕೆಂಬ ಹಟ ಯಾಕೆ?

ಇನ್ನೂ ಡಬ್ಬಾ ಟಿವಿ ಇಟ್ಟುಕೊಂಡವರಿಗೆ, ಅಗಲದ ಚಿತ್ರ ನೋಡುವಾಗ, ಪ್ಲೇಯರಿನ ಅದೇ ಸೆಟಪ್‌ನಲ್ಲಿ ಲೆಟರ್‌ಬಾಕ್ಸ್ ವಾಸಿ. ಪ್ಯಾನ್ ಸ್ಕ್ಯಾನ್ ಅಕ್ಕಪಕ್ಕ ಕತ್ತರಿಸುತ್ತದೆ. ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಮಾಯ.

ವೈರಿನ ವಿಷಯಕ್ಕೆ ಬಂದರೆ, ಒಂಟಿ ಹಳದಿ ಪಿನ್ನಿಗಿಂತ ಕೆಂಪು-ಹಸಿರು-ನೀಲಿ ಮೂರೆಳೆಯ ಕಾಂಪೊನೆಂಟ್ ಮೇಲು, ಅಕ್ಷರಗಳ ಅಂಚು ಚೊಕ್ಕವಾಗಿ ಕಾಣುತ್ತದೆ. ಆದರೆ ಹಳದಿ ವೈರಿನಲ್ಲಿರುವಾಗ ವಿಡಿಯೊ ಔಟ್‌ಪುಟ್ಟನ್ನು ಪ್ರೊಗ್ರೆಸಿವ್‌ಗೆ ತಿರುಗಿಸಬೇಡಿ. ಎಷ್ಟೋ ಪ್ಲೇಯರುಗಳಲ್ಲಿ ಚಿತ್ರವೇ ಹೋಗಿ, ಸರಿಪಡಿಸಲು ಮೆನುವೂ ಕಾಣದಂತಾಗುತ್ತದೆ. ನಾನು ಹೀಗೆ ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ. ನಿಮ್ಮ ರಿಮೋಟಿನಲ್ಲಿ ‘ವಿ-ಮೋಡ್’ ಗುಂಡಿ ಇದ್ದರೆ, ಚಿತ್ರ ಮರಳುವ ತನಕ ನಿಧಾನವಾಗಿ ಒಂದೊಂದೇ ಸಲ ಒತ್ತುತ್ತಾ ಹೋಗಿ.