ಗುರುಮಠ ಬಿಟ್ಟು ಓಡಿದ ಮಗ



ಹೊಳೆಹೊನ್ನೂರಿನಿಂದ ಭದ್ರಾವತಿ, ಶಿವಮೊಗ್ಗದವರೆಗೆ ನಮ್ಮ ಕ್ರೈಸ್ತ ಮನೆಗಳಲ್ಲಿ ‘ನಿಮ್ಮ ಮೂಲ ಊರು ಯಾವುದು?’ ಎಂದು ಕೇಳಿ ನೋಡಿ. ಒಬ್ಬರ ಅಜ್ಜ ಮಂಗಳೂರು ಕಡೆಯವರು, ಇನ್ನೊಬ್ಬರ ಹಿರಿಯರು ಕೇರಳದವರು, ಮತ್ತೊಬ್ಬರು ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಊರು ಬಿಟ್ಟು ಬಂದವರಿಗೆ ಒಂದು ಆಸೆ ಇದ್ದೇ ಇರುತ್ತದೆ: ‘ನಾವು ಪಟ್ಟ ಕಷ್ಟ ಮಕ್ಕಳಲ್ಲಿ ಫಲ ಕೊಡಲಿ.’ ಆ ಆಸೆ ತಪ್ಪಲ್ಲ. ಆದರೆ ಅದೇ ಮಕ್ಕಳಿಗೆ ಭಾರವಾದರೆ? ನಮ್ಮ ಕರಾವಳಿಯೊಂದಿಗೆ ನಂಟಿದ್ದ ಒಂದು ಕುಟುಂಬದ ಕಥೆಯನ್ನು ಇಂದು ನೋಡೋಣ.

ಯೋಹಾನ್ನೆಸ್ ಹೆಸ್ಸೆ ಹುಟ್ಟಿದ್ದು 1847ರಲ್ಲಿ, ಇಂದಿನ ಎಸ್ಟೋನಿಯಾ ದೇಶದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅವರ ಹಿರಿಯರು ಜರ್ಮನಿಯ ಲ್ಯೂಬೆಕ್ ಪಟ್ಟಣದಿಂದ ಹೋಗಿ ಅಲ್ಲಿ ನೆಲೆಸಿದವರು, ತಂದೆ ವೈದ್ಯರು. ಪ್ರಾಟೆಸ್ಟಂಟರ ಬಾಸೆಲ್ ಮಿಷನ್ ಸೇರಿದ ಯೋಹಾನ್ನೆಸ್ 1869ರಲ್ಲಿ ಮಂಗಳೂರಿಗೆ ಬಂದರು. ಆರೋಗ್ಯ ಕೆಟ್ಟಿದ್ದರಿಂದ 1873ರಲ್ಲೇ ಯುರೋಪಿಗೆ ಮರಳಬೇಕಾಯಿತು.

ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಅವರು ಡಾ. ಹರ್ಮನ್ ಗುಂಡರ್ಟ್ ಅವರಿಗೆ ಸಹಾಯಕರಾದರು. ಗುಂಡರ್ಟ್ ತಲಶ್ಶೇರಿಯಲ್ಲಿ ಹಲವು ವರ್ಷವಿದ್ದು, ಮಲಯಾಳಂ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ವಿದ್ವಾಂಸರು. 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದ ಅವರ ಮಗಳು ಮಾರೀ, ಗಂಡನನ್ನು ಕಳೆದುಕೊಂಡು ಇಬ್ಬರು ಗಂಡುಮಕ್ಕಳೊಂದಿಗಿದ್ದರು. 1874ರಲ್ಲಿ ಯೋಹಾನ್ನೆಸ್ ಆಕೆಯನ್ನು ಮದುವೆಯಾದರು. 1877ರ ಜುಲೈ 2ರಂದು ಹುಟ್ಟಿದ ಅವರ ಮಗನೇ ಹರ್ಮನ್ ಹೆಸ್ಸೆ.

ಅಜ್ಜ ಮಿಷನರಿ, ತಂದೆ ಮಿಷನರಿ, ತಾಯಿ ಭಕ್ತೆ. ಮಗನೂ ದೇವರ ಸೇವಕನಾಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. 1891ರಲ್ಲಿ ಅವನನ್ನು ಮೌಲ್‌ಬ್ರೊನ್‌ನ ಪ್ರಾಟೆಸ್ಟಂಟ್ ಗುರುಮಠಕ್ಕೆ ಸೇರಿಸಿದರು. 1892ರ ಮಾರ್ಚ್‌ನಲ್ಲಿ ಹದಿನಾಲ್ಕರ ಆ ಹುಡುಗ ಅಲ್ಲಿಂದ ಓಡಿಹೋದ. ಚಳಿಯಲ್ಲಿ ಬಯಲಲ್ಲೇ ರಾತ್ರಿ ಕಳೆದು ಮರುದಿನ ಸಿಕ್ಕ. ಅದೇ ವರ್ಷ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದ. ಕಂಗೆಟ್ಟ ತಂದೆತಾಯಿ ಅವನನ್ನು ಮಾನಸಿಕ ಆರೈಕೆಯ ಸಂಸ್ಥೆಯೊಂದಕ್ಕೆ ಸೇರಿಸಿದರು. ಅಲ್ಲಿಂದ ಅವನು ತಂದೆಗೆ, ‘ಅಪ್ಪಾ’ ಎನ್ನದೆ, ಪರಿಚಯವಿಲ್ಲದವರಿಗೆ ಬರೆಯುವಂತೆ ‘ಮಾನ್ಯರೇ’ ಎಂದು ಕಾಗದ ಬರೆದ!

ಆ ತಂದೆತಾಯಿ ಕೆಟ್ಟವರೇ? ಖಂಡಿತ ಅಲ್ಲ. ಮಗನಿಗಾಗಿ ಅತ್ತರು, ಪ್ರಾರ್ಥಿಸಿದರು. ಆದರೆ ಮಗನಿಗೆ ದೇವರ ಕರೆ ಯಾವುದೆಂದು ಅವನಿಗಿಂತ ಮೊದಲೇ ತಾವು ನಿರ್ಧರಿಸಿಬಿಟ್ಟಿದ್ದರು. ದೇವಕರೆಯನ್ನು ಕೊಡುವವರು ದೇವರು. ತಂದೆತಾಯಿಯ ಕೆಲಸ ಅದನ್ನು ಆಲಿಸಲು ಮಗುವಿಗೆ ನೆರವಾಗುವುದು.

ಈ ಕಥೆಯಲ್ಲಿ ನೆನಪಿಡಬೇಕಾದ ಇನ್ನೊಬ್ಬರಿದ್ದಾರೆ, ಅಜ್ಜ ಗುಂಡರ್ಟ್. ಗುರುಮಠದಿಂದ ಓಡಿದ ಮೊಮ್ಮಗ ಹೆದರುತ್ತಾ ಅವರ ಕೋಣೆಗೆ ಹೋದ. ಛೀಮಾರಿ ಬೀಳುತ್ತದೆಂದುಕೊಂಡಿದ್ದ. ಅಜ್ಜ ಗದರಲಿಲ್ಲ. ಆ ಓಟವನ್ನು ಪ್ರತಿಭಾವಂತರ ಪುಟ್ಟ ಪ್ರವಾಸವೆಂಬಂತೆ ಹಾಸ್ಯದ ಒಂದು ಮಾತಾಡಿ ನಕ್ಕರು. ಹೆಸ್ಸೆ ಮುಪ್ಪಿನವರೆಗೂ ಆ ಮಾತನ್ನು ಮರೆಯಲಿಲ್ಲ.

ಮುಂದೆ ಹುಡುಗ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಕಲಿತ. 1895ರಲ್ಲಿ ಟ್ಯೂಬಿಂಗನ್‌ನ ಪುಸ್ತಕದ ಅಂಗಡಿ ಸೇರಿದ. ಕೊನೆಗೆ ಬರಹಗಾರನಾದ. ಆದರೂ ಗಾಯ ಬೇಗ ಮಾಯಲಿಲ್ಲ. 1902ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲಿಲ್ಲ. 1916ರಲ್ಲಿ ತಂದೆ ತೀರಿಕೊಂಡಾಗ ಕುಸಿದುಹೋಗಿ ಮನೋವೈದ್ಯರ ನೆರವು ಪಡೆದರು. 1922ರಲ್ಲಿ ಅವರು ಬರೆದ ‘ಸಿದ್ಧಾರ್ಥ’ ಕಾದಂಬರಿಯಲ್ಲಿ ಮಗ ಮನೆ ಬಿಡಲು ಅಪ್ಪಣೆ ಕೇಳುತ್ತಾನೆ. ತಂದೆ ನೋವಿನಿಂದಲೇ ಒಪ್ಪುತ್ತಾನೆ. ಮುಂದೆ ಆ ಮಗ ತಾನೂ ತಂದೆಯಾಗಿ, ತನ್ನ ಮಗ ಓಡಿಹೋದಾಗ ಅದೇ ನೋವು ಉಣ್ಣುತ್ತಾನೆ. 1946ರಲ್ಲಿ ಹೆಸ್ಸೆಗೆ ನೊಬೆಲ್ ಪ್ರಶಸ್ತಿ ಬಂತು.

ಪ್ರಶಸ್ತಿ ಬಂದದ್ದರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಪ್ರಶಸ್ತಿಯ ಸುದ್ದಿ ಕೇಳಲು ತಂದೆತಾಯಿ ಇರಲಿಲ್ಲ. ಮನಸ್ಸು ಬಿಚ್ಚಿ ಮಾತಾಡಬೇಕಾದ ಕಾಲ ಎಂದೋ ಕಳೆದುಹೋಗಿತ್ತು.

ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದ ತಂದೆಯನ್ನು ನೆನೆಯಿರಿ. ಹೊರಟ ಮಗನನ್ನು ಅವನು ಕಟ್ಟಿಹಾಕಲಿಲ್ಲ. ಮರಳಿದ ಮಗನಿಂದ ಲೆಕ್ಕ ಕೇಳಲಿಲ್ಲ. ದೂರದಲ್ಲೇ ಕಂಡು ಓಡಿಹೋಗಿ ಅಪ್ಪಿಕೊಂಡ. ಪರೀಕ್ಷೆಯಲ್ಲಿ ನಪಾಸಾದ, ಕೆಲಸ ಬಿಟ್ಟು ಬಂದ, ಗುರುಮಠದಿಂದಲೋ ಕಾನ್ವೆಂಟಿನಿಂದಲೋ ಮರಳಿದ ಮಗ ಅಥವಾ ಮಗಳು ನಿಮ್ಮ ಬಾಗಿಲಲ್ಲಿ ನಿಂತರೆ, ‘ಜನ ಏನೆನ್ನುತ್ತಾರೆ?’ ಎನ್ನುವ ಮೊದಲು ‘ಊಟ ಆಯ್ತಾ?’ ಎಂದು ಕೇಳಿ.

ಈ ವಾರ ಸಂಜೆಯ ಜಪಸರದ ನಂತರ ಮನೆಯವರೆಲ್ಲ ಕುಳಿತು ಚಿಂತಿಸಿ:

1. ನಮ್ಮ ಮಕ್ಕಳ ಬಗ್ಗೆ ನಾವು ಕಾಣುವ ಕನಸು ಯಾರದು, ಅವರದೋ ನಮ್ಮದೋ?

2. ಸೋತು ಬಂದ ದಿನ ಅವರು ಹೆದರದೆ ನಮ್ಮ ಬಳಿ ಬರಬಲ್ಲರೇ?

3. ಮಕ್ಕಳೇ, ನಿಮ್ಮ ಹಿರಿಯರು ಯಾವ ಊರು ಬಿಟ್ಟು, ಏನು ಕಷ್ಟಪಟ್ಟು ಇಲ್ಲಿಗೆ ಬಂದರೆಂದು ಎಂದಾದರೂ ಕೇಳಿದ್ದೀರಾ?