ಮೆಣಸಿನಕಾಯಿಯ ಹಳೆಯ ಪಟ್ಟಿಗಳೂ ಹೊಸ ಗಿರಾಕಿಗಳೂ

ಗುತ್ತಲ ಸೀಮೆಯ ಒಕ್ಕಲಿಗರು ಬೆಳೆಯುವ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಾದವರಲ್ಲ. ಬೀಜ, ಗೊಬ್ಬರ, ಮಳೆ, ರೋಗ ಇವುಗಳ ವಿಷಯವಾಗಿ ಅವರು ವರ್ಷವಿಡೀ ಆಲೋಚಿಸುತ್ತಿರುವರು. ಆದರೆ ಮೆಣಸಿನಕಾಯಿಯ ಚೀಲಗಳು ಬ್ಯಾಡಗಿಯ ಪೇಟೆಯನ್ನು ಸೇರಿ, ಅಡತಿ ಅಂಗಡಿಯಿಂದ ಪಟ್ಟಿಯೂ ಹಣವೂ ಕೈಗೆ ಬಂದೊಡನೆ ಆ ಆಲೋಚನೆಯು ಮುಗಿದು ಹೋಗುವದು. ಹಣವು ಖರ್ಚಾಗುವದು, ಪಟ್ಟಿಯು ಗೋಡೆಯ ಗೂಡಿನಲ್ಲಿ ಸೇರಿ ಗೆದ್ದಲಿಗೆ ಆಹಾರವಾಗುವದು. ಮುಂದಿನ ಗಿರಾಕಿಯ ಗುರುತು ಆ ಕಾಗದದಲ್ಲಿಯೇ ಇರುವದೆಂಬುದನ್ನು ಬಹುಜನರು ಗಮನಿಸುವದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿಯೂ ಸಲ್ಲುವದು.

ಇದು ಸಣ್ಣ ಮಾತಲ್ಲ. 2024ನೆಯ ಇಸವಿಯ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರವು ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಪೇಟೆಯ ದರವನ್ನು ಏರಿಸುವದು ಒಬ್ಬ ಒಕ್ಕಲಿಗನ ಕೈಯಲ್ಲಿಲ್ಲ. ಆದರೆ ಇಡೀ ಬೆಳೆಯನ್ನು ಒಂದೇ ದಿವಸ, ಒಂದೇ ಬಗೆಯ ಗಿರಾಕಿಗೆ ಒಪ್ಪಿಸುವದೋ ಬಿಡುವದೋ ಎಂಬುದು ಅವನ ಕೈಯಲ್ಲಿಯೇ ಇದೆ.

ಬರೆದಿಡುವ ಕ್ರಮ.— ಕಡಿಮೆಯೆಂದರೆ ಮೂರು ವರ್ಷಗಳ ಪಟ್ಟಿಗಳನ್ನು ಕೂಡಿಸಿ ಒಂದು ವಹಿಯಲ್ಲಿ ಸಾಲಾಗಿ ಬರೆಯತಕ್ಕದ್ದು. ಮಾರಿದ ದಿನ, ಡಬ್ಬಿಯೋ ಕಡ್ಡಿಯೋ ಎಂಬ ಜಾತಿ, ತೂಕ, ದರ, ಕೊಂಡವನ ಹೆಸರು, ಬಾಡಿಗೆ ಹಮಾಲಿಗಳ ಖರ್ಚು, ಹಣ ಕೈಸೇರಿದ ದಿನ ಇವಿಷ್ಟೂ ಇರಬೇಕು. ಕೊಂಡವನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅಡತಿಯವರನ್ನು ಕೇಳಿ ಅಂದೇ ಬರೆದುಕೊಳ್ಳುವದು ಒಳ್ಳೆಯದು. ಕಾಯಿಯನ್ನು ಹೇಗೆ ಒಣಗಿಸಲಾಗಿತ್ತು, ಬಿಳಚಿದ ಕಾಯಿಗಳನ್ನು ಆರಿಸಿ ತೆಗೆಯಲಾಗಿತ್ತೋ ಇಲ್ಲವೋ ಎಂಬುದನ್ನೂ ಸೇರಿಸತಕ್ಕದ್ದು. ಕೊನೆಯದಾಗಿ, ಆ ದಿನ ಆ ಜಾತಿಗೆ ಪೇಟೆಯಲ್ಲಿ ನಡೆದ ಸಾಮಾನ್ಯ ದರವನ್ನು ಬರೆಯಬೇಕು. ಈ ದರವು ಮಾರುಕಟ್ಟೆ ಸಮಿತಿಯಿಂದ ದೊರೆಯುವದು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಏಕೆಂಬುದನ್ನು ಕಲ್ಪಿತ ಅಂಕೆಗಳಿಂದ ತಿಳಿಯಬಹುದು. ಒಬ್ಬನು ಒಂದು ವರ್ಷ ಕ್ವಿಂಟಲಿಗೆ 30,000 ರೂಪಾಯಿಯಂತೆ ಮಾರಿದನು; ಆ ದಿನದ ಸಾಮಾನ್ಯ ದರವು 32,000. ಮರುವರ್ಷ 22,000ದಂತೆ ಮಾರಿದನು. ಆ ದಿನದ ದರವು 20,000. ಅವನ ನೆನಪಿನಲ್ಲಿ ಮೊದಲನೆಯದೇ ಒಳ್ಳೆಯ ವರ್ಷ. ನಿಜವಾಗಿ ನೋಡಿದರೆ, ಮೊದಲ ವರ್ಷದಲ್ಲಿ ಅವನು ಪೇಟೆಗಿಂತ 2,000 ಕಡಿಮೆ ಪಡೆದನು. ಎರಡನೆಯ ವರ್ಷದಲ್ಲಿ 2,000 ಹೆಚ್ಚು ಪಡೆದನು. ಮೊದಲನೆಯದು ಕಾಲದ ಕೊಡುಗೆ. ಎರಡನೆಯದು ಮಾಲಿನ ಯೋಗ್ಯತೆ. ಆ ಎರಡನೆಯ ವರ್ಷದಲ್ಲಿ ಕೊಂಡವನಾರು, ಮೆಚ್ಚಿದ್ದೇನನ್ನು, ಎಂದು ವಿಚಾರಿಸಿದರೆ ಹೊಸ ಗಿರಾಕಿಯ ದಾರಿಯು ತೆರೆಯುವದು. ಹೆಚ್ಚು ಕೊಟ್ಟು ಕೊಂಡವನಂಥವರೇ ಬೇರೆಡೆಯಲ್ಲಿಯೂ ಇರುವರು. ಅವರನ್ನೇ ಹುಡುಕಬೇಕಲ್ಲದೆ ಕಂಡಕಂಡವರನ್ನಲ್ಲ.

ಗಿರಾಕಿಗಳ ಬಗೆ.— ಬ್ಯಾಡಗಿ ಮೆಣಸಿನಕಾಯಿಯು ಕಡಿಮೆ ಖಾರಕ್ಕೂ ಗಾಢವಾದ ಕೆಂಪಿಗೂ ಹೆಸರಾದದ್ದು. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೆ ಎಲ್ಲರೂ ಅದನ್ನು ಒಂದೇ ಕಾರಣಕ್ಕೆ ಕೊಳ್ಳುವದಿಲ್ಲ. ಮನೆವಾರ್ತೆಯವರು ನೋಟವನ್ನೂ ವಾಸನೆಯನ್ನೂ ನೋಡುವರು. ಮಂಗಳೂರು, ಉಡುಪಿಗಳ ಅಡಿಗೆಮನೆಗಳಲ್ಲಿ ಈ ಕಾಯಿಗೆ ಬಹಳ ಬೇಡಿಕೆಯುಂಟು. ಮಸಾಲೆ ಪುಡಿ ಮಾಡುವವರಿಗೂ ಖಾನಾವಳಿಯವರಿಗೂ ಪ್ರತಿ ಸಲವೂ ಒಂದೇ ಬಣ್ಣ, ಒಂದೇ ಖಾರ ಬೇಕು. ಬಣ್ಣದ ಸತ್ವವನ್ನು ತೆಗೆಯುವ ಕಾರಖಾನೆಯವರು ಕಾಯಿಯ ಅಂದಕ್ಕಿಂತ ಅಳೆದ ಬಣ್ಣಕ್ಕೆ ಬೆಲೆ ಕಟ್ಟುವರು. ಪರದೇಶಕ್ಕೆ ಕಳಿಸುವವರು ಬೂಷ್ಟಿನಿಂದಾಗುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೂ ಔಷಧಿಯ ಶೇಷಕ್ಕೂ ಅಂಜುವರು; ಯುರೋಪಿನ ಒಕ್ಕೂಟದಲ್ಲಿ ಒಣ ಮೆಣಸಿನಕಾಯಿಯ ಒಂದು ಕಿಲೋವಿನಲ್ಲಿ ಈ ವಿಷವು ಒಟ್ಟು 10 ಮೈಕ್ರೋಗ್ರಾಮಿಗಿಂತ ಹೆಚ್ಚಿರಕೂಡದು. ಆದಕಾರಣ ಬರಿ ನೆಲದ ಮೇಲೆ ಒಣಗಿಸಿ, ತೂಕಕ್ಕಾಗಿ ನೀರು ಚಿಮುಕಿಸಿದ ಮಾಲಿಗೆ ಈ ಗಿರಾಕಿಯು ಎಂದಿಗೂ ದೊರೆಯಲಾರನು.

ಕೇಳಿಕೊಳ್ಳತಕ್ಕ ಪ್ರಶ್ನೆಗಳು.— ವಹಿಯನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎರಡನೆಯ ಸಲ ಬಂದು ಕೊಂಡವರಾರು? ಒಮ್ಮೆ ಕೊಂಡು ಮರಳಿ ಬಾರದವರಾರು, ಅದಕ್ಕೆ ಕಾರಣವೇನು? ಮಾದರಿಯನ್ನು ನೋಡಿ ಕೊಳ್ಳದೆ ಹೋದವರಾರು? ಈ ಕೊನೆಯವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವದಿಲ್ಲ. ಪಟ್ಟಿಯು ಕೊಂಡವರನ್ನು ಮಾತ್ರ ಬಲ್ಲದು. ಹೀಗಾಗಿ ಅವರ ಮಾತನ್ನು ಬೇರೆಯಾಗಿ ಬರೆದಿಡತಕ್ಕದ್ದು. ಹೊಗಳಿ ಕೊಂಡವನಿಗಿಂತ ತೆಗಳಿ ಹೋದವನಿಂದ ಕಲಿಯುವದು ಹೆಚ್ಚು.

ಎಚ್ಚರಿಕೆ.— ಹೆಚ್ಚಿನ ದರವೆಲ್ಲವೂ ಹೆಚ್ಚಿನ ಲಾಭವಲ್ಲ. ಪೇಟೆಯಲ್ಲಿ ಕ್ವಿಂಟಲಿಗೆ 24,000 ದೊರೆಯುವಾಗ ಮನೆಮನೆಗೆ 30,000ದಂತೆ ಮಾರಿದರೆ 6,000 ಉಳಿಯಿತೆಂದು ತೋರುವದು. ಆರಿಸಿದಾಗ ಹೋದ ತೂಕ, ಚೀಲ, ಬಾಡಿಗೆ, ಓಡಾಟ ಇವುಗಳಿಗೆ ಪೇಟೆಯ ಖರ್ಚಿಗಿಂತ 4,500 ಅಧಿಕವಾದರೆ ನಿಜವಾಗಿ ಉಳಿದದ್ದು 1,500 ಮಾತ್ರ. ಹಣವು ಮೂರು ತಿಂಗಳು ತಡೆದರೆ ಅದೂ ಸಾಲದ ಬಡ್ಡಿಗೆ ಹೋಗುವದು. ಆದುದರಿಂದ ಹೊಸ ಗಿರಾಕಿಗೆ ಮೊದಲ ವರ್ಷ ಹತ್ತು ಚೀಲಗಳಲ್ಲಿ ಒಂದನ್ನು ಮಾತ್ರ ಕೊಟ್ಟು ಪರೀಕ್ಷಿಸುವದು ಯುಕ್ತ. ಹಳೆಯ ಅಡತಿಯೊಡನೆ ಕೆಡಿಸಿಕೊಳ್ಳುವ ಕಾರಣವಿಲ್ಲ. ಪುಡಿ ಮಾಡಿ ಮಾರುವವರು 2006ರ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ನೋಂದಣಿ ಮಾಡಿಸತಕ್ಕದ್ದು.

ಊರ ಹಿರಿಯರ ಕರ್ತವ್ಯ.— ಎರಡು ಚೀಲಗಳಿಗಾಗಿ ಯಾವ ಕಾರಖಾನೆಯವನೂ ಗುತ್ತಲಕ್ಕೆ ಬರಲಾರನು. ಇಪ್ಪತ್ತು ಜನರು ಒಂದೇ ಜಾತಿಯನ್ನು ಬೆಳೆದು, ಒಂದೇ ರೀತಿ ಒಣಗಿಸಿ, ಒಂದೇ ಮಾದರಿಯನ್ನು ತೋರಿಸಿದರೆ ಅವನು ಮಾತಿಗೆ ಕೂಡ್ರುವನು. ಸಹಕಾರಿ ಸಂಘವಾಗಲಿ ರೈತ ಉತ್ಪಾದಕರ ಕಂಪನಿಯಾಗಲಿ ಈ ಕೆಲಸಕ್ಕೆ ಅನುಕೂಲವಾದದ್ದು. ಗೌಡರೂ ದೊಡ್ಡ ಜಮೀನುದಾರರೂ ಮೊದಲು ತಮ್ಮ ವಹಿಯನ್ನು ತೆರೆದು ತೋರಿಸಿದರೆ ಸಣ್ಣ ಹಿಡುವಳಿಯವರೂ ತಮ್ಮ ಪಟ್ಟಿಗಳನ್ನು ಸಂಕೋಚವಿಲ್ಲದೆ ತರುವರು. ಆಗ ಒಬ್ಬನಿಗೆ ಕಾಣದ ಗಿರಾಕಿಯು ಊರಿಗೆಲ್ಲ ಕಾಣುವನು.

ಗುತ್ತಲದ ಗುತ್ತರಸರು ಚೌಡದಾನಪುರದ ಮುಕ್ತೇಶ್ವರನಿಗೆ ಕೊಟ್ಟ ದತ್ತಿಗಳನ್ನು ಕಲ್ಲಿನಲ್ಲಿ ಕೊರೆಯಿಸಿಟ್ಟರು. ಆದುದರಿಂದಲೇ ಇಂದಿಗೂ ಅವುಗಳ ವಿವರವು ತಿಳಿಯುವದು. ಇಂದಿನ ಒಕ್ಕಲಿಗನಿಗೆ ಕಲ್ಲು ಬೇಡ, ನೂರು ಹಾಳೆಯ ಒಂದು ವಹಿ ಸಾಕು. ಬರುವ ಸುಗ್ಗಿಯ ಮೊದಲ ಚೀಲವು ಪೇಟೆಗೆ ಹೊರಡುವ ಮುನ್ನ ಆ ವಹಿಯ ಮೊದಲ ಸಾಲು ಬರೆಯಲ್ಪಟ್ಟಿರಲಿ.