ಮೃಗಾಲಯಕ್ಕೆ ಹೋದಷ್ಟೇ ಖುಷಿಯಿಂದ ಗ್ರಂಥಾಲಯಕ್ಕೆ

ಚಿತ್ರಪುಸ್ತಕದ ಮೂಲಕ ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಏಳು ಹೆಜ್ಜೆ

ಮೈಸೂರಿನ ನಜರ್‌ಬಾದಿನಲ್ಲಿ ಬೆಳೆಯುವ ಮಗುವಿಗೆ ಆನೆಯನ್ನು ಪರಿಚಯಿಸಬೇಕಿಲ್ಲ. 1892ರಿಂದ ಇರುವ ಚಾಮರಾಜೇಂದ್ರ ಮೃಗಾಲಯ ಹತ್ತಿರದಲ್ಲೇ ಇದೆ, ಅದರ ಪಕ್ಕಕ್ಕೆ ಕಾರಂಜಿ ಕೆರೆ. ದಸರಾ ಬಂತೆಂದರೆ ಅಪ್ಪನ ಹೆಗಲೇರಿ ಸಯ್ಯಾಜಿರಾವ್ ರಸ್ತೆಯಲ್ಲಿ ಗಜಪಡೆಯ ತಾಲೀಮು ನೋಡುವ ಸಂಭ್ರಮ. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಅದೇ ಸಯ್ಯಾಜಿರಾವ್ ರಸ್ತೆಯಲ್ಲಿರುವ ನಗರ ಕೇಂದ್ರ ಗ್ರಂಥಾಲಯಕ್ಕೆ ಯಾವತ್ತು ರಜೆ ಎಂದು ಕೇಳಿದರೆ ಮನೆಯ ದೊಡ್ಡವರೂ ಯೋಚಿಸಬೇಕಾಗುತ್ತದೆ.

ಓದುವ ಹವ್ಯಾಸ ಉಪದೇಶದಿಂದ ಬರುವುದಿಲ್ಲ. ಆನೆ ನೋಡುವ ಆಸೆ ಹೇಗೆ ಹುಟ್ಟಿತೋ ಹಾಗೆಯೇ ಪುಸ್ತಕದ ಆಸೆಯೂ ಹುಟ್ಟಬೇಕು: ಪ್ರೀತಿಪಾತ್ರರ ಜೊತೆಯಲ್ಲಿ, ಮತ್ತೆ ಮತ್ತೆ, ಪರೀಕ್ಷೆಯ ಭಯವಿಲ್ಲದೆ. ಅದಕ್ಕೆ ಬೇಕಾದ ಮೊದಲ ಸಾಧನ ಚಿತ್ರಪುಸ್ತಕ. ಎರಡು ತಿಂಗಳಲ್ಲಿ ಯಾವ ಮನೆಯಲ್ಲಾದರೂ ಮಾಡಬಹುದಾದ ಕ್ರಮ ಇಲ್ಲಿದೆ.

1. ವಯಸ್ಸಿಗೆ ತಕ್ಕ ಪುಸ್ತಕ ಆರಿಸಿ

ಒಂದೆರಡು ವರ್ಷದ ಕೂಸಿಗೆ ದಪ್ಪ ರಟ್ಟಿನ ಪುಸ್ತಕ ಸರಿ. ಪುಟಕ್ಕೊಂದೇ ಚಿತ್ರ ಸಾಕು. ಅದು ಪುಸ್ತಕವನ್ನು ಬಾಯಿಗಿಟ್ಟರೂ ಗದರಬೇಡಿ.

ಮೂರು-ನಾಲ್ಕು ವರ್ಷದವರಿಗೆ ಒಂದೇ ಮಾತು, ಒಂದೇ ಸದ್ದು ಮರುಕಳಿಸುವ ಕಥೆ ಇಷ್ಟ. ಚೆನ್ನೈನ ತೂಲಿಕಾ ಪ್ರಕಾಶನದ ‘ಗಜಪತಿ ಕುಲಪತಿ’ ಇದಕ್ಕೆ ಒಳ್ಳೆಯ ಉದಾಹರಣೆ. ಅಶೋಕ್ ರಾಜಗೋಪಾಲನ್ ಬರೆದು ಚಿತ್ರಿಸಿದ ಈ ಪುಸ್ತಕದ ಆನೆಗೆ ನೆಗಡಿ ಹತ್ತುತ್ತದೆ. ಆನೆ ಸೀನುವ ಪುಟ ಬಂದಾಗ ಮಗುವೂ ಜೊತೆಗೆ ಸೀನದೆ ಬಿಡುವುದಿಲ್ಲ.

ಐದಾರು ವರ್ಷದವರಿಗೆ ಮೊದಲು, ನಡು, ಕೊನೆ ಇರುವ ಕಥೆ ಬೇಕು. ರೋಹಿಣಿ ನಿಲೇಕಣಿ ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳು ಈ ವಯಸ್ಸಿಗೆ ಹೊಂದುತ್ತವೆ. ಉದ್ದ ಕೂದಲು ಕತ್ತರಿಸಿಕೊಳ್ಳಲು ಅವನು ಪಡುವ ಪಾಡು ಮಕ್ಕಳನ್ನು ನಗಿಸುತ್ತದೆ.

ಏಳೆಂಟು ವರ್ಷದ ಮಗು ತಾನೇ ಓದಲು ಹೊರಟಾಗ ಒಂದು ವಿಷಯ ಗಮನಿಸಿ. ದೊಡ್ಡ ಅಕ್ಷರ, ಪುಟಕ್ಕೆ ಎರಡು ಮೂರು ಸಾಲು, ಕಡಿಮೆ ಒತ್ತಕ್ಷರಗಳಿರುವ ಪುಸ್ತಕ ಮೊದಲಿಗಿರಲಿ. ಒತ್ತಕ್ಷರದಲ್ಲಿ ಎಡವಿ ಸುಸ್ತಾದ ಮಗು ಕಥೆಯನ್ನೇ ಕೈಬಿಡುತ್ತದೆ.

2. ದುಡ್ಡಿಲ್ಲದೆಯೂ ಶುರು ಮಾಡಿ

ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣ ತೆರೆಯಿತು. ಅಲ್ಲಿ ಕನ್ನಡದ ಸಾಕಷ್ಟು ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಳ್ಳಲು, ಮುದ್ರಿಸಲು, ಇತರರಿಗೆ ಹಂಚಲು ಅನುಮತಿಯೂ ಇದೆ.

ಅಲ್ಲಿನ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಮೊದಲ ಹಂತದಲ್ಲಿ 250 ಪದಗಳವರೆಗಿನ ಕಥೆ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1,500ರವರೆಗೆ, ನಾಲ್ಕನೆಯದರಲ್ಲಿ ಅದಕ್ಕೂ ಉದ್ದದ್ದು. ಮಗುವಿನ ತರಗತಿ ನೋಡಿ ಹಂತ ಆರಿಸಬೇಡಿ. ಒಂದು ಹಂತ ಕೆಳಗಿನಿಂದಲೇ ಆರಂಭಿಸಿ, ಗೆದ್ದ ಖುಷಿ ಸಿಗಲಿ. ಆರಿಸಿದ ಕಥೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮಡಚಿ ನಡುವೆ ಪಿನ್ ಹೊಡೆಯಿರಿ. ಹೊದಿಕೆಯ ಮೇಲೆ ಮಗು ತನ್ನ ಹೆಸರು ಬರೆಯಲಿ. ಮೊಬೈಲಿನಲ್ಲೇ ತೋರಿಸಿದರೆ ಸಾಲದು. ಪುಟ ತಿರುವುವ ಸುಖ ಕಾಗದದಲ್ಲೇ ಇದೆ.

3. ಹತ್ತು ನಿಮಿಷ, ಒಂದೇ ಜಾಗ

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮೀಸಲಿಡಿ. ಟಿ.ವಿ. ಆರಿಸಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಮಗು ನಿಮ್ಮ ಮಡಿಲಲ್ಲೋ ಪಕ್ಕದಲ್ಲೋ ಕೂತು ಪುಟ ತಾನೇ ತಿರುವಲಿ. ಅದೇ ಪುಸ್ತಕ ಇಪ್ಪತ್ತನೇ ಸಲ ಬೇಕೆಂದರೂ ಓದಿ. ಮುಂದೇನಾಗುತ್ತದೆ ಎಂದು ತನಗೆ ಗೊತ್ತಿರುವುದೇ ಮಗುವಿಗೆ ಹೆಮ್ಮೆ.

4. ಮನೆಮಾತಿನಲ್ಲಿ ಕಥೆ ಕಟ್ಟಿ

ನಜರ್‌ಬಾದಿನ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತಮಿಳು ಕೇಳಿಸುತ್ತವೆ. ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಅಜ್ಜಿಗೆ ಅಕ್ಷರ ಬಾರದಿದ್ದರೆ ಚಿತ್ರ ನೋಡುತ್ತ ತಮ್ಮ ಮಾತಿನಲ್ಲೇ ಕಥೆ ಹೇಳಲಿ. ಬರೆದದ್ದಕ್ಕಿಂತ ಆ ಕಥೆ ಬೇರೆಯಾದರೂ ನಷ್ಟವಿಲ್ಲ. ತೂಲಿಕಾದ ದ್ವಿಭಾಷಾ ಪುಸ್ತಕಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುತ್ತವೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮಗುವಿಗೆ ಅವು ಕನ್ನಡದ ನಂಟು ಉಳಿಸಿಕೊಡುತ್ತವೆ.

5. ಓದಿ ಹೇಳುವುದಕ್ಕಿಂತ ಕೇಳಿ ಹೇಳಿಸಿ

ಅಮೆರಿಕದ ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು-ಮೂರು ವರ್ಷದ ಮಕ್ಕಳ ತಂದೆತಾಯಿಗೆ ಓದುವ ರೀತಿ ಬದಲಿಸಲು ಹೇಳಿಕೊಟ್ಟಿದ್ದರು: ನೀವು ಕಡಿಮೆ ಮಾತಾಡಿ, ಮಗುವಿನಿಂದ ಹೆಚ್ಚು ಹೇಳಿಸಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಎದ್ದುಕಾಣುವಷ್ಟು ಬೆಳೆದಿತ್ತು.

ಮನೆಯಲ್ಲಿ ಮಾಡುವ ಬಗೆ ಹೀಗೆ. ‘ಇದೇನು?’ ಎಂದು ಕೇಳಿ. ಮಗು ‘ಆನೆ’ ಎಂದರೆ ‘ಹೌದು, ಆನೆ’ ಎಂದು ಒಪ್ಪಿ, ಒಂದೆರಡು ಮಾತು ಸೇರಿಸಿ: ‘ಕೆರೇಲಿ ನೀರು ಕುಡೀತಿರೋ ದೊಡ್ಡ ಆನೆ.’ ಆಮೇಲೆ ಅದನ್ನೇ ಮಗುವಿನ ಬಾಯಲ್ಲಿ ಹೇಳಿಸಿ. ಮುಂದಿನ ವಾರ ಪ್ರಶ್ನೆಯನ್ನು ಸ್ವಲ್ಪ ಬಿಚ್ಚಿ: ‘ಆನೆ ಯಾಕೆ ಬೇಜಾರಾಗಿದೆ?’ ‘ನೀನಾಗಿದ್ರೆ ಏನ್ಮಾಡ್ತಿದ್ದೆ?’ ಪುಟಕ್ಕೆ ಒಂದೇ ಪ್ರಶ್ನೆ ಸಾಕು.

6. ಪುಸ್ತಕ ಕೈಗೆಟುಕಲಿ

ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಹರಿಯುವುದಿಲ್ಲ ನಿಜ. ಅದನ್ನು ಯಾರೂ ಓದುವುದೂ ಇಲ್ಲ. ಒಂದು ಹಣ್ಣಿನ ಬುಟ್ಟಿಯಲ್ಲಿ ಐದಾರು ಪುಸ್ತಕಗಳನ್ನು ಮುಖಪುಟ ಕಾಣುವಂತೆ ನೆಲದ ಮೇಲಿಡಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಹರಿದ ಪುಟವನ್ನು ಮಗುವಿನ ಜೊತೆ ಕೂತು ಅಂಟಿಸಿ. ದೀಪಾಂಜನಾ ಪಾಲ್ ಬರೆದ ಪುಚ್ಕುವಿನ ಕಥೆ ಪ್ರಥಮ್ ಬುಕ್ಸ್‌ನಲ್ಲಿದೆ. ತನ್ನ ಕೈಗೆಟುಕುವ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಮೇಲಿನ ಅಟ್ಟಣೆಯದ್ದಕ್ಕೆ ಆಸೆಪಡುವ ಹುಡುಗಿ ಅವಳು. ಗ್ರಂಥಾಲಯಕ್ಕೆ ಹೋಗುವ ಹಿಂದಿನ ರಾತ್ರಿ ಓದಲು ಇದಕ್ಕಿಂತ ಹೊಂದುವ ಕಥೆ ಬೇಡ.

7. ಗ್ರಂಥಾಲಯಕ್ಕೆ ಕರೆದೊಯ್ಯಿರಿ

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಮೈಸೂರಿಗೆ ಸಾರ್ವಜನಿಕ ಗ್ರಂಥಾಲಯ ಬಂತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ಕಂದಾಯ 5,000 ರೂಪಾಯಿ ಇದ್ದರೆ ಅದರ ಜೊತೆ 300 ರೂಪಾಯಿ ಗ್ರಂಥಾಲಯಕ್ಕೆಂದೇ ಕಟ್ಟುತ್ತೀರಿ. ಹೀಗಿರುವಾಗ ಸಂಕೋಚವೇಕೆ? ಅದು ನಿಮ್ಮದೇ ದುಡ್ಡಿನ ಜಾಗ.

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ. ಇದನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಸದಸ್ಯತ್ವಕ್ಕೆ ಗುರುತಿನ ಮತ್ತು ವಿಳಾಸದ ದಾಖಲೆ, ಫೋಟೊ ಒಯ್ಯಿರಿ. ಠೇವಣಿ ಎಷ್ಟೆಂದು ಅಲ್ಲೇ ಕೇಳಿ. ಮೊದಲ ಭೇಟಿ ಅರ್ಧ ಗಂಟೆ ಮೀರದಿರಲಿ. ಮಕ್ಕಳ ಪುಸ್ತಕ ಎಲ್ಲಿವೆ ಎಂದು ಗ್ರಂಥಪಾಲಕರನ್ನು ಮಗುವೇ ಕೇಳಲಿ, ಪುಸ್ತಕವನ್ನೂ ಅದೇ ಆರಿಸಲಿ. ನಿಮಗೆ ಹಿಡಿಸದ ಪುಸ್ತಕ ಆರಿಸಿದರೂ ತಡೆಯಬೇಡಿ. ಚಿತ್ರಪುಸ್ತಕಗಳು ಕಡಿಮೆ ಇದ್ದರೆ, ಬೇಕಾದವುಗಳ ಹೆಸರು ಬರೆದು ಮನವಿ ಕೊಡಿ. ಕರ ಕಟ್ಟುವವರ ಹಕ್ಕು ಅದು.

ಬೀದಿಗೊಂದು ಬುಟ್ಟಿ

ನಾಲ್ಕು ಮನೆಯವರು ಸೇರಿ ತಲಾ ಐದು ಪುಸ್ತಕ ತಂದರೆ ಇಪ್ಪತ್ತು ಪುಸ್ತಕದ ಗ್ರಂಥಾಲಯ ಯಾರದೋ ಜಗಲಿಯ ಮೇಲೆ ಸಿದ್ಧ. ಇದೇ ಊರಿನ ರಾಜೀವ್‌ನಗರದಲ್ಲಿ ಕೂಲಿ ಮಾಡಿ ಬದುಕಿದ ಸೈಯದ್ ಇಸಾಕ್ ಅವರು, ತಾವು ಓದಲಾಗಲಿಲ್ಲ, ಬೇರೆಯವರಾದರೂ ಓದಲಿ ಎಂದು ಉಚಿತ ಗ್ರಂಥಾಲಯ ನಡೆಸಿದರು. ಅಲ್ಲಿದ್ದದ್ದು ಹೆಚ್ಚಾಗಿ ಕನ್ನಡ ಪುಸ್ತಕಗಳೇ. 2021ರ ಏಪ್ರಿಲ್‌ನಲ್ಲಿ ಸುಮಾರು 11,000 ಪುಸ್ತಕಗಳು ಬೆಂಕಿಗೆ ಆಹುತಿಯಾದಾಗಲೂ ಅವರು ಮತ್ತೆ ಕಟ್ಟಲು ನಿಂತರು. ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ, ಹಿಂದೆ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿದ್ದಾರೆ. ಒಂದು ರಜಾದಿನ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ.

ಇವು ಬೇಡ

* ಕಥೆ ಮುಗಿದ ಕೂಡಲೇ ‘ನೀತಿ ಏನು?’ ಎಂಬ ಪ್ರಶ್ನೆ.
* ಚಿತ್ರಪುಸ್ತಕದಲ್ಲಿ ಕಾಗುಣಿತದ ಪರೀಕ್ಷೆ.
* ತಪ್ಪು ಮಾಡಿದ್ದಕ್ಕೆ ‘ಹೋಗಿ ಓದ್ಕೊ’ ಎಂಬ ಶಿಕ್ಷೆ.
* ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ.

ರುಚಿ ಹತ್ತಿತೆಂದು ತಿಳಿಯುವುದು ಹೇಗೆ?

ಅಂಕಪಟ್ಟಿಯಲ್ಲಿ ಹುಡುಕಬೇಡಿ. ಒಂದು ಸಂಜೆ ನೀವು ಮರೆತರೂ ಮಗುವೇ ಬುಟ್ಟಿಯಿಂದ ಪುಸ್ತಕ ಎತ್ತಿಕೊಂಡು ಬಂದು ಮಡಿಲೇರುತ್ತದೆ. ಇನ್ನೊಂದು ದಿನ, ಅಕ್ಷರ ಬಾರದಿದ್ದರೂ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ತಮ್ಮನಿಗೆ ಕಥೆ ಹೇಳುತ್ತಿರುತ್ತದೆ. ಆಗ ಪುಸ್ತಕವನ್ನು ನೇರ ಮಾಡಲು ಹೋಗಬೇಡಿ. ಬಾಗಿಲಲ್ಲೇ ನಿಂತು, ಕಥೆ ಮುಗಿಯುವವರೆಗೆ ಕೇಳಿ.